ಎತ್ತರಿಸಿದ ಸ್ಟೂಲು

ಪೈಪಿಂಗು ಮೂಲೆ ತಿರುಗುವ ಕಡೆ ರೆಕ್ಸಿನ್ ಮತ್ತೆ ನೆರಿಗೆ ಬಿದ್ದಾಗ ಅವಳು ಮೊದಲು ಬೈದದ್ದು ಮೆಷಿನ್ನನ್ನು. ಸೂಜಿ ಬದಲಿಸಿದಳು, ಬಾಬಿನ್ ತೆಗೆದು ಬಾಯಿಂದ ಊದಿ ಕೂರಿಸಿದಳು, ದಾರದ ಬಿಗಿಯನ್ನು ಒಂದಿಷ್ಟು ಸಡಿಲಿಸಿದಳು. ಬಸ್ಸಿನ ಸೀಟಿಗೆ ಹಾಕುವ ಕವರು, ದಪ್ಪ ನೀಲಿ ರೆಕ್ಸಿನ್, ಅಂಚಿಗೆ ಬೂದು ಪೈಪಿಂಗು. ನೇರ ಹೊಲಿಗೆ ಯಾರು ಬೇಕಾದರೂ ಹಾಕುತ್ತಾರೆ. ಮೂಲೆ ಬಂದಾಗ ಮಾತ್ರ ಮೋಟಾರಿನ ಓಟವನ್ನು ಕಾಲಲ್ಲೇ ಹಿಡಿದು ಒಂದೊಂದೇ ಹೊಲಿಗೆ ಬೀಳಿಸಬೇಕು, ಅದಕ್ಕೆ ಬಲಗಾಲಿನ ಹಿಮ್ಮಡಿಗೆ ಆಸರೆ ಬೇಕು. ಇವತ್ತು ಹಿಮ್ಮಡಿ ತೇಲುತ್ತಿತ್ತು. ಅದು ಗೊತ್ತಾದ ಮೇಲೂ ಅವಳು ತಕ್ಷಣ ಬಗ್ಗಿ ನೋಡಲಿಲ್ಲ. ನೋಡಿದರೆ ಏನು ಕಾಣುತ್ತದೆಂದು ತಿಳಿದವಳ ಹಾಗೆ ಸ್ವಲ್ಪ ಹೊತ್ತು ಕೈಗಳನ್ನು ರೆಕ್ಸಿನ್ನಿನ ಮೇಲಿಟ್ಟು ಕೂತಳು. ಆಮೇಲೆ ಬಗ್ಗಿದಳು. ಸ್ಟೂಲಿನ ತಿರುಪಿನ ಕಂಬಕ್ಕೆ ಅವಳೇ ಗುರುತಿಗೆಂದು ಕಟ್ಟಿದ್ದ ಕೆಂಪು ದಾರ ಕಂಡಿತು. ಆ ದಾರ ಕಾಣಬಾರದು. ಸೀಟು ಅವಳ ಎತ್ತರಕ್ಕೆ ಇಳಿದು ಕೂತಿದ್ದರೆ ದಾರ ಮುಚ್ಚಿಹೋಗುತ್ತದೆ. ಯಾರೋ ಸೀಟು ತಿರುಗಿಸಿ ಮೇಲಕ್ಕೇರಿಸಿದ್ದಾರೆ. ಯಾರೋ ಇಲ್ಲಿ ಕೂತಿದ್ದಾರೆ, ಅವಳಿಗಿಂತ ಉದ್ದ ಕಾಲಿನವರು.

ಎದ್ದು ಸೀಟನ್ನು ತಿರುಗಿಸಿ ಇಳಿಸಿದಳು. ತಿರುಪು ಕಿರ್ರೆಂದಿತು. ದೊಡ್ಡ ಮೇಜಿನ ಹತ್ತಿರ ಸೀಮೆಸುಣ್ಣದಲ್ಲಿ ಅಚ್ಚು ಗುರುತು ಹಾಕುತ್ತಿದ್ದ ಕಟಿಂಗಿನವಳು ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. ಆ ತಗ್ಗಿಸಿದ್ದರಲ್ಲಿ ಏನೋ ಇತ್ತು ಅನ್ನಿಸಿತು. "ನನ್ನ ಸ್ಟೂಲಲ್ಲಿ ಯಾರು ಕೂತಿದ್ರೇ?" ಎಂದು ಕೇಳಿದರೆ ಮುಗಿಯುತ್ತಿತ್ತು, ಇಬ್ಬರೂ ಎಷ್ಟೋ ವರ್ಷದಿಂದ ಒಂದೇ ಡಬ್ಬಿಯಿಂದ ಊಟ ಹಂಚಿಕೊಂಡವರು. ಕೇಳಲಿಲ್ಲ. ಹೋದ ವಾರ ವರ್ಕ್‍ಶಾಪಿನ ಮಾಲೀಕ ಅವಳ ಹಿಂದೆ ನಿಂತು, "ಅಕ್ಕಾ, ಕನ್ನಡಕದ ನಂಬರ್ ಬದಲಾಯಿಸ್ಬೇಕೇನೋ ನೋಡಿಸಿಕೊಳ್ಳಿ" ಅಂದಿದ್ದ. ಅದರ ಮರುದಿನ ಗೇಟಿನ ಹತ್ತಿರ ಒಬ್ಬ ಎತ್ತರದ ಹೆಂಗಸಿನ ಜೊತೆ ಮಾತಾಡುತ್ತಾ ನಿಂತಿದ್ದ, ಇವಳನ್ನು ಕಂಡ ಕೂಡಲೇ ಮಾತು ನಿಲ್ಲಿಸಿದ್ದ. ಮೂರೂ ಸೇರಿದರೆ ಸಾಕಲ್ಲ. ಅಷ್ಟರಲ್ಲೇ ಅವಳ ಬಾಯೊಳಗೆ ಒಂದು ವಾಕ್ಯ ತಾನೇ ತಾನಾಗಿ ತಯಾರಾಗಿತ್ತು: ನಮ್ಮನೆಯವರಿಗೆ ಈಚೆಗೆ ಆರೋಗ್ಯ ಅಷ್ಟಕ್ಕಷ್ಟೆ, ನೋಡಿಕೊಳ್ಳೋಕೆ ಯಾರೂ ಇಲ್ಲ, ನಾನು ಈ ತಿಂಗಳಿಗೇ ಬಿಡ್ತೀನಿ. ಗಂಡನ ಆರೋಗ್ಯ ಗುಂಡುಕಲ್ಲಿನ ಹಾಗಿದೆ. ಆದರೂ ವಾಕ್ಯ ಎಷ್ಟು ನುಣುಪಾಗಿ ಬಂದಿತ್ತೆಂದರೆ, ಸುಳ್ಳಿನ ಗಂಟು ಎಲ್ಲೂ ಕೈಗೆ ಸಿಗುತ್ತಿರಲಿಲ್ಲ.

ಸೀಟು ಎತ್ತರಿಸಿದ ಸ್ಟೂಲಿನಲ್ಲಿ ಕೂತರೆ ಮೊದಲು ತೊಡೆಗೆ ಗೊತ್ತಾಗುತ್ತದೆ, ಆಮೇಲೆ ಮೊಣಕಾಲಿಗೆ. ಮದುವೆಗೆ ಮುಂಚೆ ಅವಳು ನಾಲ್ವರ ಬ್ಯಾಂಡೊಂದರಲ್ಲಿ ಬಾರಿಸುತ್ತಿದ್ದ ಕಾಲದಲ್ಲಿ, ಟೈರು ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಮೇಲಿನ ತನಕ ಪೇರಿಸಿದ ಹಳೇ ಟೈರುಗಳ ನಡುವೆ, ಅವಳ ಡ್ರಮ್ಸಿನ ಹಿಂದೆ ಇದ್ದದ್ದೂ ಇಂಥದ್ದೇ ತಿರುಗುವ ಸೀಟಿನ ಸ್ಟೂಲು. ಟೈರುಗಳು ಸದ್ದು ಕುಡಿಯುತ್ತವೆ ಎಂದು ಆ ಜಾಗ ಹುಡುಕಿದವನು ಕಡ್ಡಿ, ಗಿಟಾರಿನವನು. ಊದಿದರೆ ಹಾರಿಹೋಗುವ ಹಾಗಿದ್ದ, ಅದಕ್ಕೇ ಆ ಹೆಸರು. ಹಾಡುವವನು ಗುಡುಗು. ಮೂರನೆಯವನು ಬೇಸ್ ಗಿಟಾರು ಹಿಡಿದು ಗೋಡೆಗೆ ಒರಗಿ ನಿಂತರೆ ಮನೆಗೆ ಹೋಗುವ ತನಕ ಒಂದು ಮಾತಾಡುತ್ತಿರಲಿಲ್ಲ. ಇವಳು ಕುಟ್ಟಮ್ಮ. ಹೆವಿ ಮೆಟಲ್ ಸಂಗೀತ ಅಂದರೆ ಏನೆಂದು ಊರಲ್ಲಿ ಯಾರಿಗೂ ಗೊತ್ತಿರದ ಕಾಲ. ಟೈರು ಅಂಗಡಿಯವನೇ, "ಏನಮ್ಮಾ ಕುಟ್ಟಮ್ಮ, ಇವತ್ತು ಏನು ಕುಟ್ತೀಯಾ, ಮೆಣಸಿನಕಾಯಾ, ಅರಿಶಿನಾನಾ?" ಎಂದು ಕೇಳುತ್ತಿದ್ದ. ಬಲಗಾಲು ದೊಡ್ಡ ಡ್ರಮ್ಮಿನ ಪೆಡಲಿನ ಮೇಲೆ ಬಿದ್ದಾಗ ಎದೆಗೂಡಿನೊಳಗೆ ಇನ್ನೊಂದು ಹೃದಯ ಇಟ್ಟ ಹಾಗೆ ಆಗುತ್ತಿತ್ತು. ಆ ಸದ್ದು ತಾನೇ ಮಾಡುತ್ತಿದ್ದೇನೆ ಅಂತ ನಂಬಲು ಪ್ರತಿ ಸಲವೂ ಒಂದು ಕ್ಷಣ ಬೇಕಾಗುತ್ತಿತ್ತು. ಒಂದೇ ಒಂದು ಬಲ್ಬು ಇತ್ತು ಅಲ್ಲಿ, ಬಾಗಿಲ ಹತ್ತಿರ. ಅವಳ ಮೂಲೆಗೆ, ಡ್ರಮ್ಮಿನ ಪಕ್ಕ ನಿಲ್ಲಿಸಿದ ಕಂಚಿನ ತಟ್ಟೆಗಳಿಗೆ, ಅದರ ಬೆಳಕು ಬರುತ್ತಿರಲಿಲ್ಲ. "ಸಿಂಬಲ್ ಕಾಣಲ್ಲ ಕಣ್ರೋ, ಕುರುಡಿ ಹಾಗೆ ಗಾಳೀಲಿ ಬೀಸ್ತಿದ್ದೀನಿ" ಎಂದು ದಿನಾ ರೇಗುತ್ತಿದ್ದಳು. ಅದೇ ಹೊತ್ತಿನಲ್ಲಿ ಏಣಿ ಬರತೊಡಗಿದ. ಯಾರದೋ ಸ್ನೇಹಿತ, ಎತ್ತರಕ್ಕೆ ಏಣಿ ಅಂತಲೇ ಹೆಸರು, ಟೈರಿನ ಮೇಲೆ ಕೂತು ಇವಳು ಬಾರಿಸುವುದನ್ನು ನೋಡುತ್ತಾ ತನ್ನ ಮೊಣಕಾಲಿನ ಮೇಲೆ ಬೆರಳುಗಳಲ್ಲಿ ಅದನ್ನೇ ಬಡಿಯುತ್ತಿದ್ದ. ಇವಳಿಗಿಂತ ಚೆನ್ನಾಗಿ. ಕಾರ್ಯಕ್ರಮ ಏರ್ಪಾಡು ಮಾಡುವವನೊಬ್ಬ ಒಂದು ದಿನ ಬಂದು, "ಹುಡುಗೀನಾ ಬಾರಿಸೋದು? ನೋಡೋಕೆ ಚೆನ್ನಾಗಿರತ್ತೆ, ಕೇಳೋಕೆ?" ಅಂದಾಗ ಮೂವರೂ ನಕ್ಕಿದ್ದರು. ಬೇಸ್ ಗಿಟಾರಿನವನೂ ನಕ್ಕಿದ್ದ. ಅವಳೂ ನಕ್ಕಿದ್ದಳು.

"ಏನೇ, ಕೂತಲ್ಲೇ ಸಮಾಧಿ ಆದ್ಯಾ?" ಕಟಿಂಗಿನವಳು ಕತ್ತರಿಸಿದ ತುಂಡುಗಳ ಕಟ್ಟನ್ನು ತಂದು ಇವಳ ಪಕ್ಕ ಎತ್ತಿಹಾಕಿದಳು. "ಮಧ್ಯಾಹ್ನ ಮನೆಗೆ ಫಿಲಂನೋರು ಬರ್ತಾರೆ ಅಂತಿದ್ದೆ, ತಲೆಯಾದರೂ ಬಾಚ್ಕೊಂಡು ಹೋಗು. ಹೀಗೇ ಹೋದ್ರೆ ದೆವ್ವದ ಪಿಕ್ಚರ್ ಅಂತ ಮಾಡ್ಬಿಡ್ತಾರೆ."

"ಆ ಬ್ಯಾಂಡಿನ ಹಾಡೆಲ್ಲಾ ಅದೇ ತಾನೆ. ದೆವ್ವ, ಹೆಣ, ಸುಡುಗಾಡು."

"ಹಾಗಿದ್ರೆ ಸರಿಹೋಯ್ತು ಬಿಡು, ಮೇಕಪ್ ಖರ್ಚು ಉಳೀತು." ಕಟಿಂಗಿನವಳು ನಕ್ಕಳು, ಆಮೇಲೆ ದನಿ ತಗ್ಗಿಸಿದಳು. "ನಿಜವಾಗ್ಲೂ ನೀನು ಅದರಲ್ಲಿ ಇದ್ಯಾ? ಆ ಬುರುಡೆ ಚಿತ್ರದ ಅಂಗಿ ಹಾಕ್ಕೊಂಡು ತಿರುಗ್ತಾರಲ್ಲ, ಆ ಬ್ಯಾಂಡಲ್ಲಿ? ಇಷ್ಟು ವರ್ಷ ಬಾಯಿ ಬಿಡಲಿಲ್ವಲ್ಲೇ."

"ಬುರುಡೆ ಆಮೇಲೆ ಬಂದಿದ್ದು. ನಾನಿದ್ದಾಗ ಬರೀ ಟೈರು."

ಮಾಲೀಕನ ಗಾಜಿನ ಕೋಣೆಯ ಮುಂದೆ ಹಾದು ಹೋಗುವಾಗ ಅವನು ಫೋನಿನಲ್ಲಿದ್ದ, ಕೈ ಎತ್ತಿ ಏನೋ ಸನ್ನೆ ಮಾಡಿದ. ಹೋಗಿ ಬನ್ನಿ ಎಂದೋ, ಸ್ವಲ್ಪ ನಿಲ್ಲಿ ಎಂದೋ ತಿಳಿಯಲಿಲ್ಲ. ಅವಳು ನಿಲ್ಲಲಿಲ್ಲ. "ಕತ್ತಲಾಗೋದರೊಳಗೆ ಬಂದು ಉಳಿದ ಕವರು ಮುಗಿಸ್ತೀನಿ" ಎಂದು ಗಾಜಿನ ಹೊರಗಿನಿಂದಲೇ ಹೇಳಿ ನಡೆದಳು. ವಾಕ್ಯ ಗಂಟಲಲ್ಲಿತ್ತು. ಸಾಯಂಕಾಲ ಹೇಳಿಬಿಡಬೇಕು, ಅವನ ಬಾಯಿಂದ ಬರುವ ಮೊದಲು. ಹೇಳಿಸಿಕೊಳ್ಳುವುದಕ್ಕಿಂತ ಹೇಳಿ ಹೋಗುವುದು ಮೇಲು. ಈ ಮಾತನ್ನು ಅವಳು ಯಾವತ್ತೂ ಯಾರಿಗೂ ಅಂದವಳಲ್ಲ, ಆದರೆ ಅವಳ ಇಡೀ ಬದುಕು ಇದರ ಮೇಲೆ ನಿಂತಿತ್ತು.

ಬಸ್ಸಿನಲ್ಲಿ ಅವಳು ಕೂತ ಸೀಟಿನ ಕವರು ಅವಳೇ ಹೊಲಿದದ್ದು. ಮೂಲೆ ಮುಟ್ಟಿ ನೋಡಿದಳು, ನೆರಿಗೆ ಇರಲಿಲ್ಲ. ಮುಂದೆ ನಿಂತವನ ಕಪ್ಪು ಅಂಗಿಯ ಬೆನ್ನ ಮೇಲೆ ಆ ಬುರುಡೆ ಇತ್ತು, ತೊಳೆದು ತೊಳೆದು ಹಲ್ಲು ಉದುರಿದ ಬುರುಡೆ. ಅವನ ಇಯರ್‌ಫೋನಿನಿಂದ ಸೋರುತ್ತಿದ್ದ ಸದ್ದಿನಲ್ಲಿ ಏಣಿಯ ಎರಡೂ ಕಾಲು ಕೇಳಿಸುತ್ತಿದ್ದವು. ಈಗ ಬ್ಯಾಂಡಿನಲ್ಲಿ ಅವಳ ಜಾಗದಲ್ಲಿ ಕೂತವನು ಅವನೇ, ಎರಡು ಪೆಡಲು ಇಟ್ಟು ಬಾರಿಸುತ್ತಾನೆ. ಕೇಳಬಾರದೆಂದುಕೊಂಡರೂ ಅವಳ ಬಲಗಾಲು ಚಪ್ಪಲಿಯೊಳಗೆ ಅಲುಗಿತು. ಅವಳು ಎಡಗಾಲನ್ನು ಅದರ ಮೇಲಿಟ್ಟು ಒತ್ತಿ ಹಿಡಿದಳು. ಪಕ್ಕದ ಮುದುಕಿ, "ಕಾಲು ಜೋಮು ಹಿಡೀತಾ ಮಗಳೇ?" ಎಂದು ಕೇಳಿದಳು. "ಹೂಂ" ಅಂದಳು.

ಬ್ಯಾಂಡು ಬಿಟ್ಟ ದಿನವೂ ಹೀಗೆ ಬಸ್ಸಿಳಿದು ಹೋಗಿದ್ದಳು. ಡಿಸೆಂಬರ್, ಕೈ ಬೆರಳು ಸೆಟೆದುಕೊಳ್ಳುವಷ್ಟು ಚಳಿ. ಗೋದಾಮಿನ ಬಾಗಿಲು ತೆಗೆದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗು ತಡೆದುಕೊಳ್ಳುತ್ತಿದ್ದರು, ಏನೋ ಮುಚ್ಚಿಟ್ಟವರ ಹಾಗೆ. ಅವಳು ನೇರ ಹೋಗಿ ಸ್ಟೂಲಿನ ಮೇಲೆ ಕೂತಳು. ಕಾಲು ಪೆಡಲಿಗೆ ಸಿಗಲಿಲ್ಲ. ಸೀಟು ಪೂರ್ತಿ ಮೇಲೇರಿತ್ತು, ಏಣಿಯಂಥವನು ಕೂರುವ ಎತ್ತರಕ್ಕೆ. ಅವರ ನಗು ಅರ್ಥವಾಯಿತು. ಸಿಂಬಲ್ಲುಗಳನ್ನೂ ಯಾರೋ ಪಕ್ಕಕ್ಕೆ ಸರಿಸಿದ್ದರು. ಆ ಹೊತ್ತು ಗೋದಾಮು ಎಂದಿಗಿಂತ ಬೆಳ್ಳಗೆ ಕಂಡಿದ್ದು ಅವಳಿಗೆ ಇನ್ನೂ ನೆನಪಿದೆ. ಟೈರಿನ ಒಂದೊಂದು ಹಲ್ಲೂ, ಕಡ್ಡಿಯ ಗಲ್ಲದ ಮೇಲಿನ ಮೊಡವೆಯೂ, ಅವಳ ಮಡಿಲಲ್ಲಿದ್ದ ಕೋಲುಗಳ ತುದಿಯ ಸಿಬಿರೂ ಬಿಳಿಚಿಕೊಂಡು ಕಂಡಿದ್ದವು. ಅವಮಾನವಾದಾಗ ಕಣ್ಣಿಗೆ ಹಾಗಾಗುತ್ತದೆ, ಬೆಳಕು ಜಾಸ್ತಿಯಾಗುತ್ತದೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಸೀಟು ಇಳಿಸಲಿಲ್ಲ. ಕೋಲುಗಳನ್ನು ಡ್ರಮ್ಮಿನ ಮೇಲಿಟ್ಟಳು. ಗುಡುಗು ಬಾಯಿ ತೆರೆದ, "ಕುಟ್ಟಮ್ಮಾ, ಏನಾದರೂ..." ಎಂದು ಶುರು ಮಾಡಿದ. ಅವನು ಮುಗಿಸುವ ಮೊದಲು ಇವಳ ಬಾಯಿಂದ ಅದು ಬಂದುಬಿಟ್ಟಿತ್ತು. "ನನಗೆ ಮದುವೆ ಗೊತ್ತಾಗಿದೆ. ಹುಡುಗನ ಮನೆಯೋರಿಗೆ ಇದೆಲ್ಲಾ ಇಷ್ಟ ಇಲ್ಲ. ನಾನು ಇವತ್ತಿಂದ ಬರಲ್ಲ."

ಹುಡುಗನಿರಲಿಲ್ಲ, ಮನೆಯೂ ಇರಲಿಲ್ಲ. ಕೆಲವು ದಿನದ ಮೇಲೆ ತರಕಾರಿ ಅಂಗಡಿಯ ಮುಂದೆ ಕಡ್ಡಿ ಸಿಕ್ಕಿ, "ಯಾವಾಗ ಊಟ ಹಾಕಿಸ್ತೀಯಾ?" ಅಂದ. "ಬೇಗ" ಅಂದಳು. ಮನೆಗೆ ಹೋಗಿ ಅತ್ತೆಗೆ, ಅಪ್ಪನ ತಂಗಿಗೆ, "ನೀವು ಯಾರನ್ನೋ ಹೇಳ್ತಿದ್ರಲ್ಲ, ತೋರಿಸಿ" ಅಂದಳು. ಅತ್ತೆ ಖುಷಿಗೆ ಕೈಯಲ್ಲಿದ್ದ ಲೋಟ ಬೀಳಿಸಿದ್ದಳು.

ಬಸ್ಸಿಳಿದು ಮನೆ ಮುಟ್ಟಿದಾಗ ಗಂಡ ಆಗಲೇ ಕುರ್ಚಿಗಳನ್ನು ಸರಿಸಿ, ಕಿಟಕಿಯ ಪರದೆ ತೊಳೆದು ಹಾಕಿ, ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ನೀರಿನ ಮೀಟರು ರಿಪೇರಿ ಮಾಡುವವನು, ಬೆರಳ ಸಂದಿಯಲ್ಲಿ ಯಾವಾಗಲೂ ಸ್ವಲ್ಪ ಗ್ರೀಸು. ಇವತ್ತು ಅದನ್ನೂ ಉಜ್ಜಿ ತೆಗೆದಿದ್ದ. ಒಗೆಯುವ ಮೆಷಿನ್ನು ಕೊನೆಯ ಸುತ್ತಿನಲ್ಲಿ ಗಡಗಡ ಅಲುಗುತ್ತಿತ್ತು. ಅದರ ಒಂದು ಕಾಲಿನ ಕೆಳಗೆ ದಪ್ಪ ರಬ್ಬರು ಅಂಟಿಸಿದ ದುಂಡನೆಯ ಹಲಗೆ ಇತ್ತು. ಮದುವೆಯಾದ ಹೊಸತರಲ್ಲಿ ಅವನೇ ಕೈಯಾರೆ ಮಾಡಿದ್ದು. "ಡ್ರಮ್ಸ್ ತರೋಕೆ ನಮ್ಮ ಮನೇಲಿ ಜಾಗ ಇಲ್ಲ, ಇದರ ಮೇಲಾದರೂ ಬಾರಿಸು, ಕೈ ಬಿಟ್ಟುಹೋಗ್ಬಾರದು" ಎಂದು ಮಡಿಲಲ್ಲಿಟ್ಟಿದ್ದ. ಅವಳು ಅದನ್ನು ಒಂದು ಸಲವೂ ಮುಟ್ಟಲಿಲ್ಲ. ದುಃಖ ತಡೆಯೋಕಾಗಲ್ಲ ಪಾಪ ಎಂದು ಅವನು ಅಂದುಕೊಂಡ. ಅಂದಿನಿಂದ ಇಂದಿನ ತನಕ ಸಾಯಂಕಾಲ ಅವಳು ಕೆಲಸದಿಂದ ಬಂದ ಮೇಲೆ ಅವಳ ಬಲಗಾಲನ್ನು ಮಡಿಲಿಗೆಳೆದುಕೊಂಡು ಎಣ್ಣೆ ಹಚ್ಚಿ ಮೀನಖಂಡ ನೀವುತ್ತಾನೆ. ಬೇಡವೆಂದರೆ, "ಸುಮ್ನಿರು, ಈ ಕಾಲು ನನಗೋಸ್ಕರ ಏನು ಬಿಟ್ಟಿದೆ ಅಂತ ನನಗೆ ಗೊತ್ತು" ಅನ್ನುತ್ತಾನೆ. ಆ ಕೈಗಳ ಕೆಳಗೆ ಅವಳ ಕಾಲು ವಿಳಾಸ ತಪ್ಪಿ ಬಂದ ಬೇರೆ ಯಾರದೋ ಪಾರ್ಸಲನ್ನು ಪಡೆದುಕೊಂಡವರ ಹಾಗೆ ಮುದುಡಿಕೊಳ್ಳುತ್ತದೆ. ಕೆಲವು ಸಲ ಅವಳಿಗೆ ರೇಗುತ್ತದೆ. ಜಗಳವಾಡಿ ಒದ್ದುಬಿಡೋಣ ಅನ್ನಿಸುತ್ತದೆ. ಒಳ್ಳೆಯವನಾಗಿರುವುದೂ ಒಂದು ಥರದ ಹಿಂಸೆ ಎಂದು ಯಾರಿಗೆ ಹೇಳುವುದು.

ಫಿಲಂನವಳು ಚಿಕ್ಕ ವಯಸ್ಸಿನವಳು, ಒಬ್ಬಳೇ ಬಂದಿದ್ದಳು. ಮೂರು ಕಾಲಿನ ಮೇಲೆ ಕ್ಯಾಮರಾ ನಿಲ್ಲಿಸಿ, ಇವಳ ಕೊರಳ ಹತ್ತಿರ ಒಂದು ಪುಟ್ಟ ಮೈಕು ಸಿಕ್ಕಿಸಿದಳು. ಆ ಬ್ಯಾಂಡಿನ ಬಗ್ಗೆ ಅವಳು ಮಾಡುತ್ತಿರುವ ಚಿತ್ರದಲ್ಲಿ ಎಲ್ಲರೂ ಮಾತಾಡಿ ಆಗಿತ್ತು, ಇವಳೊಬ್ಬಳು ಬಾಕಿ. "ಅಂಕಲ್, ನೀವು ಸ್ವಲ್ಪ ಆ ಕಡೆ ಕೂತ್ಕೋತೀರಾ?" ಅಂದಾಗ ಗಂಡ ಕುರ್ಚಿಯನ್ನು ಒಂದು ಗೇಣು ಸರಿಸಿ ಅಲ್ಲೇ ಕೂತ.

"ಮೇಡಂ, ಎಲ್ಲರೂ ಕೇಳೋದು ಒಂದೇ. ಒಂದೇ ಒಂದು ದೊಡ್ಡ ಸ್ಟೇಜ್ ಹತ್ತೋ ಮುಂಚೆ ನೀವು ಬಿಟ್ಟುಬಿಟ್ಟಿರಿ. ಯಾಕೆ?"

ಅವಳು ಬಾಯಿ ತೆರೆದಳು. ಕ್ಯಾಮರಾದ ಗಾಜಿನಲ್ಲಿ ತನ್ನ ಮುಖ ಗುಬ್ಬಿಯಷ್ಟಾಗಿ ಕಾಣುತ್ತಿತ್ತು. ಒಂದು ಕ್ಷಣ, ಒಂದೇ ಕ್ಷಣ, ಹೇಳಿಬಿಡೋಣ ಅನ್ನಿಸಿತು. ಸ್ಟೂಲು ಎತ್ತರವಾಗಿತ್ತು, ಅಷ್ಟೆ. ನನ್ನ ಜಾಗಕ್ಕೆ ಬೇರೆಯವರನ್ನು ತಂದಿದ್ದರು, ಹೇಳುವ ಧೈರ್ಯ ಅವರಿಗಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ.

"ಅದು ನನ್ನನ್ನ ಕೇಳಿ," ಅಂದ ಗಂಡ. "ಅಪರಾಧಿ ಇಲ್ಲೇ ಕೂತಿದ್ದೀನಿ. ಫೆಬ್ರವರಿ ತಿಂಗಳು, ಕಾಲು ಮುರಿದು ಪ್ಲಾಸ್ಟರ್ ಹಾಕಿತ್ತು ನನಗೆ. ಬೇಕರಿ ಬೆಂಚಿನ ಮೇಲೆ ಮೊದಲನೇ ಸಲ ನೋಡಿದ್ದು ಇವಳನ್ನ. ನಾನು ಏನೇನೋ ಪ್ರಶ್ನೆ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಇವಳು ಕೇಳಿದ್ದು ಒಂದೇ, 'ಮದುವೆ ಯಾವಾಗ ಇಟ್ಕೋಬಹುದು?' ಅಂತ. ಓಡಿಹೋಗೋಣ ಅಂದ್ರೆ ಕಾಲು ಬೇರೆ ಮುರಿದಿತ್ತು!" ತನ್ನ ಜೋಕಿಗೆ ತಾನೇ ಮೊದಲು ನಕ್ಕ. ಫಿಲಂನವಳೂ ನಕ್ಕಳು. "ಮದುವೆಗೆ ಬಂದಿದ್ದ ಆ ಮೂರೂ ಜನ ನನ್ನನ್ನ ಕಳ್ಳನ್ನ ನೋಡೋ ಹಾಗೆ ನೋಡಿದ್ರು ಮೇಡಂ. ತಪ್ಪೇನಿಲ್ಲ. ಕದ್ದಿದ್ದು ನಿಜ ತಾನೆ?"

"ಹೌದಾ ಮೇಡಂ?"

"ಅವರು ಹೇಳಿದ್ರಲ್ಲ," ಅಂದಳು ಅವಳು.

ಫಿಲಂನವಳು ಚೀಲದಿಂದ ಪುಸ್ತಕದಗಲದ ಪರದೆಯೊಂದನ್ನು ತೆಗೆದು, ಇಬ್ಬರಿಗೂ ಕಾಣುವಂತೆ ಮೇಜಿನ ಮೇಲೆ ನಿಲ್ಲಿಸಿದಳು. "ಇದನ್ನು ನೋಡ್ತಾ ನಿಮ್ಮ ಮುಖ ಹೇಗಾಗತ್ತೆ ಅಂತ ನನಗೆ ಬೇಕು" ಎಂದು ನೇರವಾಗಿಯೇ ಹೇಳಿದಳು. ಪರದೆಯ ಮೇಲೆ ಕಡ್ಡಿ ಬಂದ. ಈಗ ಕಡ್ಡಿಯಲ್ಲ, ಕೊರಳಿಗೆ ಎರಡು ಮಡಿಕೆ, ನೆರೆತ ಜಡೆ. ದನಿ ಮಾತ್ರ ಅದೇ, ಮೂಗಿನದು. "ಅವಳು ಬಿಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ" ಅನ್ನುತ್ತಿದ್ದ. "ಡಿಸೆಂಬರ್. ಯಾಕೆ ನೆನಪಿದೆ ಅಂದ್ರೆ ಅವತ್ತೇ ನಮ್ಮ ಗೋದಾಮಿಗೆ ಟ್ಯೂಬ್‍ಲೈಟ್ ಬಂದಿದ್ದು. ಕಾಣಲ್ಲ ಕಾಣಲ್ಲ ಅಂತ ಅವಳು ದಿನಾ ನಮ್ಮ ಪ್ರಾಣ ತಿಂತಿದ್ಲು. ನಾವು ಮೂರೂ ಜನ ಸೇರಿ ತಂದ್ವಿ. ಅವಳ ಡ್ರಮ್ಸ್ ಮೇಲೇ ಸರಿಯಾಗಿ ಹಾಕಿಸಿದ್ವಿ. ಟೈರು ಅಂಗಡಿಯೋನು ಅವಳ ಸ್ಟೂಲ್ ಪೂರ್ತಿ ಮೇಲಕ್ಕೆ ತಿರುಗಿಸಿ ಅದರ ಮೇಲೆ ಹತ್ತಿ ನಿಂತಿದ್ದ, ನಾವು ಅವನ ಕಾಲು ಹಿಡ್ಕೊಂಡು... ಅವಳು ಬಂದಾಗ ನಮಗೆ ನಗು ತಡೀತಿಲ್ಲ. ಮೇಲೆ ನೋಡ್ತಾಳೆ, ಈಗ ನೋಡ್ತಾಳೆ, ಅಂತ ಕಾಯ್ತಿದ್ದೀವಿ. ನೋಡಲೇ ಇಲ್ಲ. 'ಕುಟ್ಟಮ್ಮಾ, ಏನಾದರೂ ಹೊಸದು ಕಾಣ್ತಾ ಇದ್ಯಾ' ಅಂತ ಗುಡುಗು ಕೇಳೋಕೆ ಹೋದ, ಅಷ್ಟರಲ್ಲಿ ಮದುವೆ ಗೊತ್ತಾಗಿದೆ, ಬರಲ್ಲ ಅಂದುಬಿಟ್ಲು. ಲೈಟಿನ ಮಾತು ನಮ್ಮ ಬಾಯಲ್ಲೇ ಉಳೀತು. ಆಮೇಲೆ ಒಂದು ವರ್ಷದ ಹತ್ತಿರ ನಮಗೆ ಡ್ರಮ್ಮರ್ ಇರಲಿಲ್ಲ. ಏಣೀನ ಕೇಳಿದ್ರೆ, ಅವಳ ಜಾಗದಲ್ಲಿ ನಾನು ಕೂರಲ್ಲಪ್ಪ ಅಂತ ಎಷ್ಟು ದಿನ ಸತಾಯಿಸಿದ..."

ಒಗೆಯುವ ಮೆಷಿನ್ನು ಸುತ್ತು ಮುಗಿಸಿ ನಿಂತಿತು. ಆ ನಿಶ್ಶಬ್ದದಲ್ಲಿ ಅವಳಿಗೆ ಮೊದಲು ಹೊಳೆದದ್ದು ಕಡ್ಡಿಯ ಗಲ್ಲದ ಮೊಡವೆ. ಅದು ಕಂಡಿತ್ತು. ಟೈರಿನ ಹಲ್ಲುಗಳು ಕಂಡಿದ್ದವು. ಸಿಂಬಲ್ಲು ಯಾಕೆ ಪಕ್ಕಕ್ಕೆ ಸರಿದಿತ್ತೆಂದು ಈಗ ಗೊತ್ತಾಯಿತು, ಮೇಲೆ ನಿಂತವನ ಕಾಲಿಗೆ ತಾಗಬಾರದೆಂದು. ಇಷ್ಟು ವರ್ಷ ಅವಮಾನದ ಬಣ್ಣ ಬಿಳಿ ಎಂದು ತಿಳಿದಿದ್ದಳು, ಅದು ಅವಳ ತಲೆಯ ಮೇಲೆ ಅವಳಿಗಾಗಿಯೇ ತೂಗುಹಾಕಿದ ಬೆಳಕಾಗಿತ್ತು. ಕತ್ತು ಎತ್ತಿದ್ದರೆ ಸಾಕಿತ್ತು. ಯಾರೋ ತನ್ನನ್ನು ತಳ್ಳಿದರು ಎನ್ನುವುದಾದರೂ ಇತ್ತಲ್ಲ ಇಷ್ಟು ದಿನ, ರಾತ್ರಿ ನಿದ್ದೆ ಬಾರದಾಗ ಒರಗಿಕೊಳ್ಳಲು ಒಂದು ಗೋಡೆಯ ಹಾಗೆ. ಈಗ ಅದೂ ಇಲ್ಲ. ಯಾರೂ ತಳ್ಳಿರಲಿಲ್ಲ.

ಅದರ ಹಿಂದೆಯೇ ಇನ್ನೊಂದು ಬಂತು, ತಣ್ಣಗೆ. ಡಿಸೆಂಬರ್. ಕಡ್ಡಿ ಡಿಸೆಂಬರ್ ಎಂದ. ಗಂಡ ಈಗ ತಾನೇ ಫೆಬ್ರವರಿ ಎಂದಿದ್ದ, ಬೇಕರಿ ಬೆಂಚಿನ ಮೇಲೆ ಮೊದಲನೇ ಸಲ, ಅವಳು ಬ್ಯಾಂಡು ಬಿಟ್ಟು ಎರಡು ತಿಂಗಳಾದ ಮೇಲೆ. ಅವಳು ತಿರುಗಿ ನೋಡಲಾರದೆ ನೋಡಿದಳು. ಗಂಡ ಟೀ ಲೋಟವನ್ನು ತುಟಿಯ ಹತ್ತಿರ ತಂದವನು ಹಾಗೇ ಹಿಡಿದಿದ್ದ. ಲೋಟ ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಹೆಬ್ಬೆರಳಿನ ಉಗುರ ಸಂದಿಯಲ್ಲಿ ಉಜ್ಜಿದರೂ ಹೋಗದ ಗ್ರೀಸಿನ ಕಪ್ಪು ಗೆರೆ. ಮೀಟರಿನ ಮುಳ್ಳು ಒಂದು ಕೂದಲೆಳೆ ತಪ್ಪಿ ನಿಂತರೂ ಹಿಡಿಯುವ ಮನುಷ್ಯ ಅವನು.

ಫಿಲಂನವಳು ಕಾಗದ ನೋಡಿಕೊಂಡು ಹುಬ್ಬು ಗಂಟಿಕ್ಕಿದಳು. "ಒಂದು ನಿಮಿಷ. ಅಂಕಲ್, ನೀವು ಫೆಬ್ರವರಿ ಅಂದ್ರಿ. ಇವರು ಅದರ ಹಿಂದಿನ ಡಿಸೆಂಬರ್ ಅಂತಾರಲ್ಲ? ಅಷ್ಟೊತ್ತಿಗೆ ನೀವಿಬ್ಬರೂ ಇನ್ನೂ..."

ಗಂಡ ಟೀಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. "ಆ ಗಿಟಾರಿನೋನಿಗೆ ತಿಂಗಳು ನೆನಪಿರತ್ತಾ ಮೇಡಂ? ಜಡೆ ನೋಡಿದ್ರೆ ಗೊತ್ತಾಗಲ್ವಾ, ಆ ಮನುಷ್ಯನಿಗೆ ಇವತ್ತು ಯಾವ ವಾರ ಅಂತಾದರೂ ಗೊತ್ತಿದ್ಯೋ ಇಲ್ವೋ. ಬರ್ಕೊಳ್ಳಿ, ಫೆಬ್ರವರಿ. ಪ್ಲಾಸ್ಟರ್ ಹಾಕಿಸ್ಕೊಂಡೋನು ನಾನು." ನಕ್ಕ. ಈ ಸಲ ನಗು ಜೋಕಿಗಿಂತ ಆಮೇಲೆ ಬಂತು.

"ಆ ಲೈಟು ನೆನಪಿದ್ಯಾ ಮೇಡಂ?"

"ಇದೆ," ಅಂದಳು ಅವಳು. "ತುಂಬಾ ಬೆಳಕಿತ್ತು."

ಕ್ಯಾಮರಾಕ್ಕೆ ಸಿಕ್ಕಿದ್ದು ಅಷ್ಟೇ. ಫಿಲಂನವಳು ಮೈಕು ಬಿಡಿಸಿಕೊಳ್ಳುವಾಗ ಅವಳ ಬೆರಳು ತಣ್ಣಗೆ ಕೊರಳಿಗೆ ತಾಗಿತು. "ಚೆನ್ನಾಗಿ ಬಂತು, ಥ್ಯಾಂಕ್ಸ್" ಎಂದಳು. ಅವಳ ದನಿಯಲ್ಲಿ ನಿರಾಸೆಯಿತ್ತು.

ಬಸ್ ಸ್ಟಾಪಿನ ತನಕ ಗಂಡ ಜೊತೆಗೆ ಬಂದ. ಅವಳಿಗೆ ಅವನ ಚಪ್ಪಲಿ ಸದ್ದು ಕೇಳುತ್ತಿತ್ತು, ಮುರಿದು ಕೂಡಿದ ಕಾಲು ಒಂದಿಷ್ಟು ಎಳೆದು ಬೀಳುವ ಸದ್ದು. ಯಾವಾಗಿನಿಂದ ಗೊತ್ತು ನಿಮಗೆ, ಎಂದು ಕೇಳಬೇಕು. ಇವತ್ತೇ ಗೊತ್ತಾಯಿತೋ, ಮದುವೆಯ ದಿನವೇ ಆ ಮೂವರಲ್ಲಿ ಯಾರಾದರೂ ಬಾಯಿಬಿಟ್ಟಿದ್ದರೋ. ಗೊತ್ತಿದ್ದೂ ಇಷ್ಟು ವರ್ಷ ಕಾಲು ನೀವಿದನೋ. ಗೊತ್ತಿದ್ದರೆ ಅದು ಇನ್ನೂ ಭಾರ, ಗೊತ್ತಿಲ್ಲದಿದ್ದರೆ ಇನ್ನೂ ಕೆಟ್ಟದ್ದು. "ರೀ" ಅಂದಳು.

"ಏನು?"

"ಏನಿಲ್ಲ. ಬಟ್ಟೆ ಮೆಷಿನ್ನಲ್ಲೇ ಇದೆ, ಹಾಗೇ ಬಿಟ್ರೆ ವಾಸನೆ ಬರತ್ತೆ."

"ಒಣಹಾಕ್ತೀನಿ." ಬಸ್ಸು ಬಂತು. ಅವನು ಅವಳ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದ, ಮುದುಕಿಯನ್ನು ಹತ್ತಿಸುವ ಹಾಗೆ. "ಬೇಗ ಬಾ. ಎಣ್ಣೆ ಬಿಸಿ ಮಾಡಿಟ್ಟಿರ್ತೀನಿ."

ವರ್ಕ್‍ಶಾಪಿನಲ್ಲಿ ಹೊರಗಿನ ಬೆಳಕು ಇಳಿದು ದೀಪ ಹಾಕಿದ್ದರು. ಕಟಿಂಗಿನವಳು ಮೇಜಿನ ಮೇಲೆ ಬಿದ್ದ ಚೂರುಗಳನ್ನು ಗುಡಿಸುತ್ತಾ, "ಬಂದ್ಲಪ್ಪ ಹೀರೋಯಿನ್ನು. ಏನು ಕೇಳಿದ್ರು?" ಅಂದಳು.

"ಯಾಕೆ ಬಿಟ್ಟೆ ಅಂತ."

"ಏನಂದೆ?"

"ನಮ್ಮನೆಯವರೇ ಹೇಳಿದ್ರು."

"ಹಾಗಾದ್ರೆ ಅವರ ಮಾತು ಮುಗಿಯೋಷ್ಟರಲ್ಲಿ ಕ್ಯಾಮರಾಕ್ಕೆ ಇನ್ನೊಂದು ಬ್ಯಾಟರಿ ತರಿಸಿರ್ಬೇಕು ಫಿಲಂನೋರು." ಕಟಿಂಗಿನವಳು ನಗುತ್ತಾ ಪೊರಕೆ ಮೂಲೆಗಿಟ್ಟು ಕೈ ತೊಳೆಯಲು ಹೋದಳು.

ತನ್ನ ಮೆಷಿನ್ನಿನ ಹತ್ತಿರ ಬಂದಾಗ ಕೆಂಪು ದಾರ ದೂರದಿಂದಲೇ ಕಂಡಿತು. ಬೆಳಿಗ್ಗೆ ಅವಳೇ ಇಳಿಸಿ ಹೋಗಿದ್ದಳು. ಮತ್ತೆ ಮೇಲೇರಿತ್ತು. ಮೆಷಿನ್ನಿನ ಸೂಜಿಯ ಕೆಳಗೆ ಯಾರೋ ಹೊಲಿದು ನೋಡಿದ್ದ ರೆಕ್ಸಿನ್ನಿನ ಒಂದು ತುಂಡು ಇನ್ನೂ ಸಿಕ್ಕಿಕೊಂಡಿತ್ತು. ನೇರ ಹೊಲಿಗೆ ಚೆನ್ನಾಗಿತ್ತು, ಮೂಲೆಯಲ್ಲಿ ನೆರಿಗೆ. ಅವಳು ಸ್ಟೂಲಿನ ಸೀಟಿಗೆ ಕೈ ಹಾಕಿದವಳು, ಹಾಕಿದ ಕೈಯನ್ನು ಅಲ್ಲೇ ಇಟ್ಟು ಕತ್ತು ಎತ್ತಿದಳು. ಯಾವತ್ತೂ ಅಷ್ಟು ಆಸೆಯಿಂದ ಕತ್ತು ಎತ್ತಿದ ನೆನಪಿರಲಿಲ್ಲ. ಮೇಲೆ ಹಳೇ ಟ್ಯೂಬ್‍ಲೈಟೇ ಇತ್ತು. ಎರಡೂ ತುದಿ ಕಪ್ಪಾದದ್ದು, ಮೇಲೆ ಧೂಳು, ಒಂದು ಜೇಡನ ಬಲೆ. ಯಾರೂ ಏನೂ ಬದಲಿಸಿರಲಿಲ್ಲ. ಎಲ್ಲ ಎತ್ತರಿಸಿದ ಸ್ಟೂಲುಗಳ ಮೇಲೂ ದೀಪ ಇರುವುದಿಲ್ಲ.

ಸೀಟು ಇಳಿಸಲಿಲ್ಲ. ಹಾಗೇ ಹತ್ತಿ ಕೂತಳು. ಹಿಮ್ಮಡಿ ತೇಲಿತು. ಬಗ್ಗಿ ಕಸದ ಬುಟ್ಟಿಯಿಂದ ಸ್ಪಂಜಿನ ಒಂದು ಗಟ್ಟಿ ತುಂಡು ಎತ್ತಿಕೊಂಡು, ಎರಡು ಮಡಿಕೆ ಮಾಡಿ ಹಿಮ್ಮಡಿಯ ಕೆಳಗೆ ತೂರಿಸಿದಳು. ಬೇರೆಯವರ ತುಂಡನ್ನು ಬಿಡಿಸಿ ಪಕ್ಕಕ್ಕಿಟ್ಟು, ನೀಲಿ ಕವರಿನ ಮೂಲೆಯನ್ನು ಸೂಜಿಯ ಕೆಳಗೆ ತಂದಳು. ಒಂದು ಹೊಲಿಗೆ. ನಿಂತಿತು. ಇನ್ನೊಂದು. ಅಷ್ಟರಲ್ಲಿ ಗಾಜಿನ ಕೋಣೆಯ ಬಾಗಿಲು ತೆಗೆದ ಸದ್ದಾಯಿತು. ಮಾಲೀಕ ಬಂದು ಅವಳ ಪಕ್ಕ ನಿಂತು, ಜೇಬಿನೊಳಗೆ ಬೀಗದ ಕೈಗಳನ್ನು ಅಲುಗಿಸಿದ. "ಅಕ್ಕಾ..." ಅಂದ. ಮುಂದಿನದು ಬರಲಿಲ್ಲ. ಅವನಿಗೂ ಕಷ್ಟವಾಗುತ್ತಿತ್ತು, ಪಾಪ. ನಮ್ಮನೆಯವರಿಗೆ ಈಚೆಗೆ ಆರೋಗ್ಯ, ಎಂದು ಶುರು ಮಾಡಿದರೆ ಅವನ ಮುಖ ಹಗುರಾಗುತ್ತಿತ್ತು, ಅವಳ ಮಾನವೂ ಉಳಿಯುತ್ತಿತ್ತು. ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು, ನುಣ್ಣಗೆ, ಬೆಳಗಿನಿಂದ ಬಾಯಲ್ಲಿಟ್ಟು ಚೀಪಿದ ಬೀಜದ ಹಾಗೆ. ಮನೆಯಲ್ಲಿ ಒಲೆಯ ಮೇಲೆ ಎಣ್ಣೆ ಬಿಸಿಯಾಗುತ್ತಿರಬೇಕು ಈ ಹೊತ್ತಿಗೆ.

"ಹೇಳಿ," ಅಂದಳು, ತಲೆ ಎತ್ತದೆ.

"ಏನಿಲ್ಲ ಅಕ್ಕಾ. ನಾಳೆ ಒಂದು ಸ್ವಲ್ಪ ಮಾತಾಡೋದಿತ್ತು."

"ಆಗಲಿ."

ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೋದ. ನಾಳೆಯೂ ಅವನಿಗೆ ಕಷ್ಟವಾಗಬಹುದು, ನಾಡಿದ್ದೂ ಆಗಬಹುದು. ಆಗಲಿ. ಮನೆಯಲ್ಲಿರುವ ಆ ಮನುಷ್ಯನ ಹೆಸರು ಹೇಳಿ ಎರಡನೇ ಸಲ ತಾನು ಎಲ್ಲಿಂದಲೂ ಎದ್ದು ಹೋಗುವುದಿಲ್ಲ. ಬಾಯಿಬಿಟ್ಟು ಹೋಗು ಅನ್ನುವ ತನಕ, ಅದೂ ಮುಖ ನೋಡಿ ಅನ್ನುವ ತನಕ, ಈ ಸ್ಟೂಲು ಯಾರ ಎತ್ತರಕ್ಕಾದರೂ ಇರಲಿ, ಕೂತೇ ಇರುವುದು. ಕಟಿಂಗಿನವಳು ಕೈ ಒರೆಸಿಕೊಳ್ಳುತ್ತಾ ಬಂದು, "ಏನಂತೆ ಅವನದು?" ಎಂದು ಕೇಳಿದಳು. "ಏನಿಲ್ಲ" ಅಂದಳು. ಕಾಲು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಒಂದೊಂದೇ ಹೊಲಿಗೆ ಬೀಳುತ್ತಾ ರೆಕ್ಸಿನ್ ಮೂಲೆ ತಿರುಗಿತು.